ಹುಡುಗ ಚುರುಕಾದ ಎಂದು ಖುಷಿಪಡುವ ಮುನ್ನ: ಮೆತ್ ಬಗ್ಗೆ ಮಲೆನಾಡಿನ ಮನೆಗಳಿಗೆ ಗೊತ್ತಿರಬೇಕಾದದ್ದು

ನಶೆ ಮಲೆನಾಡಿಗೆ ಹೊಸತೇನಲ್ಲ. 2007ರಲ್ಲಿ ಸಾರಾಯಿ ನಿಷೇಧವಾಗುವ ತನಕ ಊರಿನ ಸಂಜೆಗಳು ಹೇಗಿರುತ್ತಿದ್ದವು ಎಂದು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಗುಟ್ಕಾ ಜಗಿದೂ ಜಗಿದೂ ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದವರು ಸಂತೆಯಲ್ಲಿ ಸಿಗುತ್ತಾರೆ. ಶುಂಠಿ, ಜೋಳದ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಸುದ್ದಿ ಶಿವಮೊಗ್ಗ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಹೀಗಾಗಿ ನಶೆ ಮಾಡಿದವನನ್ನು ನೋಡಿದೊಡನೆ ಗುರುತಿಸಬಲ್ಲೆವು ಎಂಬ ಧೈರ್ಯ ನಮ್ಮ ಮನೆಗಳಿಗಿದೆ. ಬಾಯಿವಾಸನೆ, ಕೆಂಪು ಕಣ್ಣು, ತೂರಾಡುವ ನಡಿಗೆ, ಮಧ್ಯಾಹ್ನದವರೆಗೆ ಮಲಗುವ ಸೋಮಾರಿತನ ಇವೇ ನಮಗೆ ಗೊತ್ತಿರುವ ಗುರುತುಗಳು.

ಮೆಥಾಂಫೆಟಮೈನ್ ವಿಷಯದಲ್ಲಿ ಈ ಧೈರ್ಯ ಕೈಕೊಡುತ್ತದೆ. ಅದನ್ನು ಸೇದಿದವನ ಬಾಯಿಂದ ಹೆಂಡದ ವಾಸನೆ ಬರುವುದಿಲ್ಲ, ಅವನು ತೂರಾಡುವುದಿಲ್ಲ. ಮೊದಲ ವಾರಗಳಲ್ಲಂತೂ ಅವನು ಹಿಂದಿಗಿಂತ ಚುರುಕಾಗಿ, ಮಾತುಗಾರನಾಗಿ, ಕೆಲಸಗಾರನಾಗಿ ಕಾಣುತ್ತಾನೆ. ಮನೆಯವರು ಮೆಚ್ಚಿಕೊಳ್ಳುತ್ತಿರುವ ಆ ದಿನಗಳಲ್ಲೇ ಅದು ಬೇರು ಬಿಡುತ್ತದೆ. ಈ ಮೊದಲ ಹಂತವನ್ನು ಅರ್ಥ ಮಾಡಿಸುವುದೇ ಈ ಬರಹದ ಮುಖ್ಯ ಉದ್ದೇಶ.

ಮೆತ್, ಐಸ್, ಕ್ರಿಸ್ಟಲ್ ಎಂದೆಲ್ಲ ಕರೆಯುವ ಇದು ಸಾಮಾನ್ಯವಾಗಿ ಪಾರದರ್ಶಕ ಹರಳಿನ ರೂಪದಲ್ಲಿ ಇರುತ್ತದೆ. ಪುಡಿಯಾಗಿಯೂ ಮಾತ್ರೆಯಾಗಿಯೂ ಬರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಕಾಣುವ ಎಂಡಿಎಂಎ ಇದರ ದಾಯಾದಿ. ಎರಡೂ ಒಂದೇ ರಾಸಾಯನಿಕ ಕುಟುಂಬದವು, ಆದರೆ ಒಂದೇ ವಸ್ತುವಲ್ಲ. ಕೊಂಡವನಿಗೆ ಮಾತ್ರ ಈ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು, ಎರಡಕ್ಕೂ ಬೇರೇನೋ ಬೆರೆಸುವುದು ಈ ವ್ಯಾಪಾರದಲ್ಲಿ ಮಾಮೂಲು. ಪ್ಲಾಸ್ಟಿಕ್ ಕವರಿನಲ್ಲಿ ಬಂದ ಹರಳಿಗೆ ಎಕ್ಸ್‌ಪೈರಿ ಡೇಟೂ ಇಲ್ಲ, ಡೋಸೂ ಇಲ್ಲ.

ಇದು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಸಮುದ್ರದ ಕಡೆಯಿದೆ. 2023ರ ಮೇ ತಿಂಗಳಲ್ಲಿ ಮಾದಕವಸ್ತು ನಿಯಂತ್ರಣ ಬ್ಯೂರೊ ಮತ್ತು ನೌಕಾಪಡೆ ಸೇರಿ ಕೇರಳದ ಕಡಲಾಚೆ ಸುಮಾರು 2,500 ಕೆ.ಜಿ. ಮೆತ್ ಹಿಡಿದವು. 2024ರ ನವೆಂಬರಿನಲ್ಲಿ ಅಂಡಮಾನ್ ಬಳಿ ಮ್ಯಾನ್ಮಾರ್‌ನವರಿದ್ದ ಮೀನುಗಾರಿಕಾ ದೋಣಿಯೊಂದರಲ್ಲಿ ಕರಾವಳಿ ಕಾವಲು ಪಡೆಗೆ ಸಿಕ್ಕಿದ್ದು ಐದೂವರೆ ಸಾವಿರ ಕೆ.ಜಿ.ಗೂ ಹೆಚ್ಚು. ಅಷ್ಟು ಮಾಲು ಹೊರಟಿದೆಯೆಂದರೆ ಅದಕ್ಕೆ ತಕ್ಕ ಮಾರುಕಟ್ಟೆಯ ನಿರೀಕ್ಷೆಯೂ ಇದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಶಿವಮೊಗ್ಗ. ಕೊರಿಯರ್ ತೀರ್ಥಹಳ್ಳಿಗೂ ಬರುತ್ತದೆ, ಸೊರಬಕ್ಕೂ ಬರುತ್ತದೆ. ಹಣ ಫೋನಿನಲ್ಲೇ ಹೋಗುತ್ತದೆ. ದೂರ ಎಂಬುದು ಒಂದು ಕಾಲಕ್ಕೆ ಮಲೆನಾಡನ್ನು ಕಾಪಾಡಿತ್ತು, ಈಗ ಆ ಕಾವಲು ಇಲ್ಲ.

ಹಾಗೆಂದು ಎಲ್ಲೆಡೆ ಹಬ್ಬಿಬಿಟ್ಟಿದೆ ಎಂದು ಗಾಬರಿ ಬೀಳುವುದೂ ಬೇಡ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10ರಿಂದ 75 ವರ್ಷದವರ ಪೈಕಿ ಆಂಫೆಟಮೈನ್ ಮಾದರಿಯ ಉತ್ತೇಜಕಗಳನ್ನು (ಮೆತ್ ಸೇರುವುದು ಈ ಗುಂಪಿಗೆ) ಬಳಸುವವರು ಶೇ 0.18ರಷ್ಟು. ಅಫೀಮು, ಹೆರಾಯಿನ್ ಮಾದರಿಯವನ್ನು ಬಳಸುವವರು ಶೇ 2.1. ಸಂಖ್ಯೆ ಚಿಕ್ಕದಿರುವಾಗಲೇ ತಡೆಯುವುದು ಸುಲಭ, ಅಷ್ಟೇ ನನ್ನ ಮಾತು.

ಈ ವಸ್ತುವಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಅದು ಮೊದಲು ಬಂದದ್ದು ಕೆಲಸದ ಮದ್ದಾಗಿ. ಜಪಾನಿನ ನಾಗಾಯಿ ನಾಗಾಯೋಶಿ 1893ರಲ್ಲಿ ಎಫೆಡ್ರಿನ್‌ನಿಂದ ಇದನ್ನು ತಯಾರಿಸಿದರು, 1919ರಲ್ಲಿ ಅಕಿರಾ ಒಗಾಟಾ ಹರಳಿನ ರೂಪಕ್ಕೆ ತಂದರು. 1938ರಲ್ಲಿ ಜರ್ಮನಿಯಲ್ಲಿ ಪರ್ವಿಟಿನ್ ಎಂಬ ಮಾತ್ರೆಯಾಗಿ ಮಾರಾಟಕ್ಕೆ ಬಂತು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ನಿದ್ದೆಗೆಟ್ಟು ನಡೆಯಲಿ ಎಂದು ಅದನ್ನು ಲಕ್ಷಗಟ್ಟಲೆ ಹಂಚಿದರು. ಜಪಾನಿನಲ್ಲೂ ಹಾಗೇ ಆಯಿತು. ಯುದ್ಧ ಮುಗಿದ ಮೇಲೆ ಉಳಿದ ದಾಸ್ತಾನು ಜನರ ಕೈಗೆ ಸಿಕ್ಕಿ ಊರೂರು ಹಾಳಾದಾಗ 1951ರಲ್ಲಿ ಜಪಾನ್ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಇವತ್ತಿಗೂ ಎಷ್ಟೋ ಹುಡುಗರಿಗೆ ಇದರ ಪರಿಚಯ ಮಜಾ ಎಂಬ ಹೆಸರಿನಲ್ಲಿ ಆಗುವುದಿಲ್ಲ. ಪರೀಕ್ಷೆಗೆ ರಾತ್ರಿಯೆಲ್ಲ ಓದಬಹುದು, ನಿದ್ದೆ ಬಾರದಂತೆ ಗಾಡಿ ಓಡಿಸಬಹುದು, ಮೈ ಇಳಿಯುತ್ತದೆ, ನಾಲ್ಕು ಜನರ ಮುಂದೆ ಮಾತಾಡಲು ಧೈರ್ಯ ಬರುತ್ತದೆ ಎಂಬ ಮಾತಿನೊಂದಿಗೆ ಅದು ಕೈಗೆ ಬರುತ್ತದೆ. ಕೊಡುವವನು ಸಾಮಾನ್ಯವಾಗಿ ಅಪರಿಚಿತನಲ್ಲ, ಗೆಳೆಯ. ಅವನೂ ತನ್ನ ಖರ್ಚು ಹೊಂದಿಸಲು ಮಾರುತ್ತಿರುತ್ತಾನೆ.

ಇನ್ನು ಇದು ಮಿದುಳಿನಲ್ಲಿ ಮಾಡುವ ಕೆಲಸ. ಇಲ್ಲಿ ಸ್ವಲ್ಪ ನಿಧಾನಿಸೋಣ, ಇದು ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ.

ಹಸಿದಾಗ ಬಿಸಿ ಅನ್ನ, ಗೆಳೆಯರ ಜತೆ ಒಂದು ನಗು, ಕೆಲಸ ಮುಗಿಸಿದಾಗ ಅಪ್ಪ ಹೇಳುವ ಒಂದು ಒಳ್ಳೆಯ ಮಾತು ಇವೆಲ್ಲ ನಮಗೆ ಹಿತವಾಗುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ‘ಇದು ಮತ್ತೆ ಬೇಕು’ ಅನ್ನಿಸುವುದರಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ನರಕೋಶವು ಅದನ್ನು ಚಿಕ್ಕ ಚಿಕ್ಕ ಚೀಲಗಳಲ್ಲಿ ಕೂಡಿಟ್ಟುಕೊಂಡಿರುತ್ತದೆ. ಬೇಕಾದಾಗ ಒಂದಿಷ್ಟನ್ನು ಹೊರಬಿಡುತ್ತದೆ, ಕೆಲಸ ಮುಗಿದೊಡನೆ ಕೋಶದ ಗೋಡೆಯಲ್ಲಿರುವ ಸಾಗಣೆ ಪ್ರೋಟೀನು ಅದನ್ನು ಮತ್ತೆ ಒಳಕ್ಕೆಳೆದುಕೊಳ್ಳುತ್ತದೆ. ಕೊಕೇನ್ ಮಾಡುವುದು ಈ ವಾಪಸಾತಿಯ ದಾರಿಯನ್ನು ಮುಚ್ಚುವ ಕೆಲಸ. ಮೆತ್ ಅದೇ ದಾರಿಯಲ್ಲಿ ಕೋಶದ ಒಳಗೇ ನುಗ್ಗುತ್ತದೆ, ಚೀಲಗಳನ್ನು ಖಾಲಿ ಮಾಡಿಸುತ್ತದೆ, ಆಮೇಲೆ ಸಾಗಣೆಯ ದಿಕ್ಕನ್ನೇ ತಿರುಗಿಸುತ್ತದೆ. ತೋಟದ ಟ್ಯಾಂಕಿಗೆ ಹೊಳೆಯಿಂದ ನೀರೆತ್ತುವ ಪಂಪು ಉಲ್ಟಾ ತಿರುಗಿ, ಟ್ಯಾಂಕಿನಲ್ಲಿದ್ದ ನೀರನ್ನೆಲ್ಲ ಹೊರಗೆ ಚೆಲ್ಲಿಬಿಟ್ಟರೆ ಹೇಗೋ ಹಾಗೆ. ಜತೆಗೆ ಡೋಪಮೈನನ್ನು ಕರಗಿಸಬೇಕಾದ ಕಿಣ್ವವನ್ನೂ ಅದು ತಡೆಯುತ್ತದೆ. ಕೊಕೇನಿನ ಅರ್ಧಾಂಶ ರಕ್ತದಿಂದ ಇಳಿಯಲು ಸುಮಾರು ಒಂದು ಗಂಟೆ ಸಾಕು, ಮೆತ್‌ಗೆ ಹತ್ತರಿಂದ ಹನ್ನೆರಡು ಗಂಟೆ ಬೇಕು. ಹಾಗಾಗಿ ಈ ಪ್ರವಾಹ ಇಡೀ ರಾತ್ರಿ, ಕೆಲವೊಮ್ಮೆ ಮರುದಿನದವರೆಗೂ ನಿಲ್ಲುವುದಿಲ್ಲ.

ಇದರ ನಂತರ ಎರಡು ಸಂಗತಿ ನಡೆಯುತ್ತವೆ. ದಾಸ್ತಾನು ಖಾಲಿಯಾದ ಮಿದುಳಿಗೆ ದಿನನಿತ್ಯದ ಸಣ್ಣ ಸಂತೋಷಗಳು ತಟ್ಟುವುದಿಲ್ಲ. ಅಮ್ಮ ಬಡಿಸಿದ ಊಟ, ಕ್ರಿಕೆಟ್, ಪ್ರೀತಿಸುತ್ತಿದ್ದ ಹುಡುಗಿ ಎಲ್ಲವೂ ಸಪ್ಪೆ. ಅಷ್ಟೇ ಅಲ್ಲದೆ, ಪದೇ ಪದೇ ಬಳಸಿದರೆ ಡೋಪಮೈನ್ ನರಗಳ ತುದಿಗಳಿಗೇ ಪೆಟ್ಟು ಬೀಳುತ್ತದೆ, ಸಾಗಣೆ ಪ್ರೋಟೀನುಗಳು ಕಡಿಮೆಯಾಗುತ್ತವೆ. ಆಸೆಗೆ ಕಡಿವಾಣ ಹಾಕಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಮೆತ್ ಕೈಗೆ ಸಿಗುವುದು ಅದಕ್ಕೂ ಮುಂಚೆ. ‘ಎಷ್ಟು ಬುದ್ಧಿ ಹೇಳಿದರೂ ಕೇಳುವುದಿಲ್ಲ’ ಎಂದು ಅಪ್ಪಂದಿರು ನೊಂದುಕೊಳ್ಳುತ್ತಾರೆ. ಬುದ್ಧಿ ಕೇಳಿಸಿಕೊಳ್ಳಬೇಕಾದ ಅಂಗಕ್ಕೇ ಏಟಾಗಿರುವಾಗ ಮಾತೊಂದರಿಂದಲೇ ಅದು ಸರಿಹೋಗುವುದಿಲ್ಲ.

ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಮ್ಮ ಮಗನ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ. ಕೊನೆ ಕೊಯ್ಲಿನ ಸಮಯ, ಸುಲಿಯುವವರು ಅಂಗಳದಲ್ಲಿ ದೀಪ ಹಾಕಿಕೊಂಡು ಕುಳಿತಿದ್ದರು. ಬೆಂಗಳೂರಿನಿಂದ ಬಂದಿದ್ದ ಮಗ ಕೊಟ್ಟಿಗೆಯ ಪಕ್ಕ ಗೋಣಿಚೀಲ ಹಾಸಿ ತನ್ನ ಬೈಕನ್ನು ಬಿಚ್ಚತೊಡಗಿದ. ಕಾರ್ಬೊರೇಟರ್, ಚೈನು, ಬ್ರೇಕ್ ಲೈನರ್, ಒಂದೊಂದನ್ನೂ ಪೆಟ್ರೋಲಿನಲ್ಲಿ ತೊಳೆದ. ಬೋಲ್ಟುಗಳನ್ನು ದಪ್ಪದಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿದ. ಒಂದು ತುಸು ಓರೆಯಾದರೂ ಎಲ್ಲವನ್ನೂ ತೆಗೆದು ಮತ್ತೆ ಸಾಲು ಹಚ್ಚಿದ. ಸುಲಿಯುವವರು ಎದ್ದು ಹೋದರು, ಅವನು ಏಳಲಿಲ್ಲ. ಕೋಳಿ ಕೂಗುವಾಗ ಬೈಕು ಜೋಡಿಸಿ ಮುಗಿಸಿದವನು ಬೆಳಕು ಹರಿಯುತ್ತಿದ್ದಂತೆ ಅದನ್ನೇ ಮತ್ತೆ ಬಿಚ್ಚುತ್ತಿದ್ದ. ಊಟ ಬೇಡ, ಬಾಟಲಿಗಟ್ಟಲೆ ತಂಪು ಪಾನೀಯ ಮಾತ್ರ ಕುಡಿಯುತ್ತಿದ್ದ. ‘ಹುಡ್ಗ ಚುರುಕಾದ ಅಂತ ನಮ್ಗೆ ಖುಷಿನೇ ಆಗಿತ್ತು. ಮೊದ್ಲೆಲ್ಲ ಒಂದು ಕೆಲ್ಸ ಹೇಳಿದ್ರೆ ಹತ್ತು ಸಲ ಕರೀಬೇಕಿತ್ತು,’ ಎಂದರು ಅವರು. ಮೂರನೇ ದಿನ ಮಲಗಿದವನು ಒಂದು ಹಗಲು, ಒಂದು ರಾತ್ರಿ ಎದ್ದಿರಲಿಲ್ಲ. ಪ್ರಯಾಣದ ಆಯಾಸ ಎಂದುಕೊಂಡರು. ದೊಡ್ಡಪ್ಪನ ಮನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ, ಫೋನಿನಲ್ಲಿ ಮೈಕ್ ಇಟ್ಟಿದ್ದಾರೆ ಎಂದು ಅವನು ಹೇಳತೊಡಗಿದ ಮೇಲೂ, ಮಾಟವಿರಬಹುದೆಂದು ನೋಡಿಸುತ್ತ ಮುಂದಿನ ಮಳೆಗಾಲದವರೆಗೆ ದಿನ ಕಳೆದುಹೋಯಿತು.

ಉದ್ದೇಶವಿಲ್ಲದೆ ಬಿಚ್ಚುವುದು, ಜೋಡಿಸುವುದು, ಸಾಲು ಹಚ್ಚುವುದು, ಇದು ಉತ್ತೇಜಕಗಳನ್ನು ಬಳಸುವವರಲ್ಲಿ ವೈದ್ಯರು ಬಹುಕಾಲದಿಂದ ದಾಖಲಿಸಿರುವ ವರ್ತನೆ. ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಅದು ಮುಗಿಯದೇ ಇರುವುದರಲ್ಲಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು ನಿದ್ದೆಯ ಲೆಕ್ಕ. ಎರಡು ಮೂರು ದಿನ ಕಣ್ಣು ಮುಚ್ಚದೆ ಇದ್ದು, ಆಮೇಲೆ ಎಬ್ಬಿಸಿದರೂ ಏಳದಂತೆ ಮಲಗಿ, ಎದ್ದ ಮೇಲೆ ಮಂಕಾಗಿ, ಸಿಡುಕುತ್ತ, ಸಿಕ್ಕಿದ್ದನ್ನೆಲ್ಲ ತಿನ್ನುವುದು. ಈ ಸುತ್ತು ಮರುಕಳಿಸುತ್ತಿದ್ದರೆ ವಿಚಾರಿಸಲೇಬೇಕು. ಬೆಳಕಿನಲ್ಲೂ ಅಗಲವಾಗಿರುವ ಕಣ್ಣಿನ ಪಾಪೆ, ಕಚ್ಚಿ ಹಿಡಿದ ದವಡೆ, ಒಣಗಿ ಒಡೆದ ತುಟಿ, ಚರ್ಮದಡಿ ಹುಳ ಹರಿದಂತಾಗಿ ಕೆರೆದುಕೊಂಡ ಗಾಯಗಳು, ತಿಂಗಳೊಪ್ಪತ್ತಿನಲ್ಲಿ ಸಡಿಲವಾದ ಪ್ಯಾಂಟು ಇವೂ ಜತೆಗಿರುತ್ತವೆ. ಕೋಣೆಯಲ್ಲಿ ಮಸಿ ಹಿಡಿದ ಅಲ್ಯುಮಿನಿಯಂ ಹಾಳೆ, ಗಾಜಿನ ಕೊಳವೆ, ಒಳಗೆ ಟೊಳ್ಳು ಮಾಡಿದ ಬಲ್ಬು ಸಿಗಬಹುದು. ಇವುಗಳಲ್ಲಿ ಯಾವುದೋ ಒಂದನ್ನೇ ಹಿಡಿದು ಮಗುವನ್ನು ಕಳ್ಳನಂತೆ ನಿಲ್ಲಿಸಬೇಡಿ. ಥೈರಾಯ್ಡ್ ತೊಂದರೆಯಲ್ಲೂ ಮೈ ಇಳಿಯುತ್ತದೆ, ಪರೀಕ್ಷೆಯ ಭಯದಲ್ಲೂ ನಿದ್ದೆ ಹೋಗುತ್ತದೆ.

ದೇಹಕ್ಕಾಗುವ ಹಾನಿಯಲ್ಲಿ ಹಲ್ಲು, ಚರ್ಮ ಕಣ್ಣಿಗೆ ಕಾಣುತ್ತವೆ. ಜೀವ ತೆಗೆಯುವುದು ಹೃದಯ ಮತ್ತು ಮೈಬಿಸಿ. ಮೆತ್ ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನೂ ಹೊರಬಿಡಿಸುವುದರಿಂದ ರಕ್ತದೊತ್ತಡ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ನಾಡಿ ಓಡುತ್ತದೆ. ಇಪ್ಪತ್ತೈದರ ಹುಡುಗನಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಲು ಇಷ್ಟು ಸಾಕು. ವರ್ಷಗಟ್ಟಲೆ ಬಳಸಿದರೆ ಹೃದಯದ ಸ್ನಾಯುವೇ ಸೋತು ಹಿಗ್ಗುತ್ತದೆ. ಮೈ ಕೆಂಡದಂತೆ ಸುಡುವುದು, ವಿಪರೀತ ಉದ್ರೇಕ, ಎದೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ. ಈ ಬಿಸಿಗೆ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ. ನಾಲ್ಕು ಜನ ಸೇರಿ ಬೋರಲು ಹಾಕಿ ಅದುಮಿ ಹಿಡಿಯುವುದಂತೂ ಬೇಡವೇ ಬೇಡ, ಉಸಿರು ಕಟ್ಟಿ ಪ್ರಾಣ ಹೋಗಬಹುದು. ಹೆರಾಯಿನ್ ಹೆಚ್ಚಾದವರಿಗೆ ನಲೋಕ್ಸೋನ್ ಎಂಬ ಪ್ರತಿಮದ್ದಿದೆ, ಮೆತ್‌ಗೆ ಅಂಥದ್ದಿಲ್ಲ. ಹೀಗಾಗಿ ಏನು ತೆಗೆದುಕೊಂಡಿದ್ದಾನೆ ಎಂಬುದನ್ನು ಮರ್ಯಾದೆಗೆ ಅಂಜಿ ವೈದ್ಯರಿಂದ ಮುಚ್ಚಿಡಬೇಡಿ. ಎದೆನೋವೆಂದು ಬಂದ ಹುಡುಗನಿಗೆ ಯಾವ ಔಷಧ ಕೊಡಬೇಕು, ಯಾವುದು ಬಿಡಬೇಕು ಎಂಬುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಸಂಶಯ ಪಿಶಾಚಿಯಂತೆ ಹಿಡಿಯುವುದೂ ಇದರದೇ ಕೆಲಸ. ಯಾರೋ ಹಿಂಬಾಲಿಸುತ್ತಿದ್ದಾರೆ, ಪೊಲೀಸರು ಗದ್ದೆಯಂಚಿನಲ್ಲಿ ಅಡಗಿದ್ದಾರೆ, ಹೆಂಡತಿ ಅನ್ನಕ್ಕೆ ಏನೋ ಹಾಕುತ್ತಿದ್ದಾಳೆ ಎಂಬಂಥ ಭ್ರಮೆಗಳು. ಯಾರೂ ಇಲ್ಲದಾಗಲೂ ದನಿ ಕೇಳುವುದು. ಹಲವರಲ್ಲಿ ವಸ್ತು ಬಿಟ್ಟ ಕೆಲವು ದಿನಗಳಲ್ಲಿ ಇದು ಇಳಿಯುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ದೇವರಲ್ಲಿ ಕೇಳಿಸುವುದು, ಹರಕೆ ಕಟ್ಟಿಕೊಳ್ಳುವುದು ನಮ್ಮ ಕಡೆಯ ನಂಬಿಕೆ, ಅದರಿಂದ ಮನೆಯವರಿಗೆ ಧೈರ್ಯವೂ ಬರುತ್ತದೆ. ಅದನ್ನು ಮಾಡುವವರು ಮಾಡಲಿ, ಆದರೆ ಅದೇ ವಾರ ಮನೋವೈದ್ಯರಿಗೂ ತೋರಿಸಲಿ.

ಇನ್ನು, ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲದ ಒಂದು ಅಪಾಯ. ವಸ್ತು ನಿಲ್ಲಿಸಿದ ಮೊದಲ ಒಂದೆರಡು ವಾರ ಮನಸ್ಸು ಪಾತಾಳಕ್ಕೆ ಕುಸಿಯುತ್ತದೆ. ಹೆಂಡ ದಿಢೀರನೆ ಬಿಟ್ಟವರಿಗೆ ಬರುವಂಥ ನಡುಕ, ಫಿಟ್ಸ್ ಇಲ್ಲಿ ಸಾಮಾನ್ಯವಲ್ಲ. ಹುಡುಗ ಸುಮ್ಮನೆ ಮಲಗಿರುತ್ತಾನೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆ ಮೌನದಲ್ಲಿ ಸಾಯುವ ಯೋಚನೆ ಇರಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇದೆ. ಕಳೆನಾಶಕ, ಕೀಟನಾಶಕದ ಕ್ಯಾನುಗಳು ಕೊಟ್ಟಿಗೆಯ ಅಟ್ಟದಲ್ಲಿ ಬೀಗವಿಲ್ಲದೆ ಇರುತ್ತವೆ. ಈ ದಿನಗಳಲ್ಲಿ ಕೋವಿಯನ್ನು ಕಾನೂನುಬದ್ಧವಾಗಿ ಮನೆಯಿಂದ ಆಚೆ ಇಡುವ ವ್ಯವಸ್ಥೆ ಮಾಡಿ, ಔಷಧದ ಕ್ಯಾನುಗಳಿಗೆ ಬೀಗ ಹಾಕಿ ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ, ಅವನೊಬ್ಬನನ್ನೇ ಬಿಟ್ಟು ಎಲ್ಲರೂ ಮದುವೆಗೆ ಹೋಗಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಬಹುದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದರೆ ಹೊರಬರುತ್ತದೆ.

ಮಾತಾಡುವುದು ಹೇಗೆ? ನಶೆಯಲ್ಲಿರುವಾಗ ಬೇಡ, ನಾಲ್ಕು ನೆಂಟರನ್ನು ಕೂರಿಸಿಕೊಂಡು ಪಂಚಾಯಿತಿ ಮಾಡುವುದಂತೂ ಬೇಡ. ನಿದ್ದೆ ಮಾಡಿ, ಉಂಡ ಮೇಲೆ, ಅವನಿಗೆ ಹತ್ತಿರದವರು ಒಬ್ಬರೇ, ಕಂಡದ್ದನ್ನು ಕಂಡ ಹಾಗೆ ಹೇಳಬೇಕು: ‘ಮೂರು ರಾತ್ರಿಯಿಂದ ನೀನು ಮಲಗಿಲ್ಲ. ನನಗೆ ಹೆದರಿಕೆಯಾಗಿದೆ. ಏನೇ ಇದ್ದರೂ ಡಾಕ್ಟರ ಹತ್ತಿರ ಒಟ್ಟಿಗೆ ಹೋಗೋಣ.’ ಮೊದಲ ಸಲ ಇಲ್ಲವೆನ್ನುತ್ತಾನೆ. ಬಾಗಿಲು ತೆರೆದಿದೆ ಎಂಬುದು ತಿಳಿದಿದ್ದರೆ ಎರಡನೇ ಸಲವೋ ಮೂರನೇ ಸಲವೋ ಬಾಯಿಬಿಡುತ್ತಾನೆ. ಸಾಲ ತೀರಿಸಲು ಕೈಗೆ ಹಣ ಕೊಡಬೇಡಿ, ಊಟ ನಿಲ್ಲಿಸಬೇಡಿ.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಜಿಲ್ಲೆಯಲ್ಲೇ ಉತ್ತರವಿದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ, ಹೊರಡುವ ಮುನ್ನ ಫೋನಿನಲ್ಲಿ ವಿಚಾರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕೈಮೀರಿದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಅದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯಾಗಿದೆಯೇ, ಮನೋವೈದ್ಯರು ನಿಜಕ್ಕೂ ಬರುತ್ತಾರೆಯೇ, ಮನೆಯವರಿಗೆ ಭೇಟಿಗೆ ಬಿಡುತ್ತಾರೆಯೇ ಎಂದು ಕೇಳಿ. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆ ಎನ್ನುವ ಕಡೆ ಮಗನನ್ನು ಬಿಟ್ಟು ಬರಬೇಡಿ. ಹಾಗೆ ಮಾಡುವುದು ಚಿಕಿತ್ಸೆಯಲ್ಲ, ಅಪರಾಧ.

ಚಿಕಿತ್ಸೆಯಿಂದ ಏನು ನಿರೀಕ್ಷಿಸಬಹುದು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೆತ್ ಚಟ ಬಿಡಿಸುವ, ಅದಕ್ಕೆಂದೇ ಅನುಮೋದನೆ ಪಡೆದ ಮಾತ್ರೆ ಇನ್ನೂ ಇಲ್ಲ. 2021ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ನಾಲ್ಟ್ರೆಕ್ಸೋನ್ ಚುಚ್ಚುಮದ್ದು ಮತ್ತು ಬುಪ್ರೊಪಿಯಾನ್ ಮಾತ್ರೆಯನ್ನು ಜತೆಯಾಗಿ ಕೊಟ್ಟಾಗ ಶೇ 13.6ರಷ್ಟು ಜನರಿಗೆ ಗುಣ ಕಂಡಿತು, ಬರೀ ತೋರಿಕೆಯ ಔಷಧ ಪಡೆದವರಲ್ಲಿ ಅದು ಶೇ 2.5. ಒಳ್ಳೆಯ ಸುದ್ದಿ, ಆದರೆ ಸಣ್ಣದು. ಈವರೆಗೆ ಹೆಚ್ಚು ಫಲ ಕೊಟ್ಟಿರುವುದು ಔಷಧವಿಲ್ಲದ ಒಂದು ಕ್ರಮ: ವಾರಕ್ಕೆರಡು ಬಾರಿ ಮೂತ್ರ ಪರೀಕ್ಷೆ, ಪ್ರತಿ ಶುದ್ಧ ಫಲಿತಾಂಶಕ್ಕೆ ಆ ಕ್ಷಣವೇ ಒಂದು ಸಣ್ಣ ಬಹುಮಾನ, ಜತೆಗೆ ಆಪ್ತಸಮಾಲೋಚನೆ. ‘ಬಿಟ್ಟಿದ್ದಕ್ಕೆ ಬಹುಮಾನ ಬೇರೆ ಕೊಡಬೇಕಾ’ ಎಂದು ಹಿರಿಯರಿಗೆ ಸಿಟ್ಟು ಬರಬಹುದು. ಖುಷಿಯ ದಾಸ್ತಾನು ಖಾಲಿಯಾದ ಮಿದುಳಿಗೆ ಮುಂದಿನ ವರ್ಷದ ನೌಕರಿಯ ಮಾತು ತಲುಪುವುದಿಲ್ಲ, ಇವತ್ತಿನ ಸಣ್ಣ ಮೆಚ್ಚುಗೆ ತಲುಪುತ್ತದೆ.

ಮಿದುಳು ಚೇತರಿಸಿಕೊಳ್ಳುತ್ತದೆಯೇ ಎಂದರೆ, ಬಹುಪಾಲು ಹೌದು, ಆದರೆ ನಿಧಾನ. ಅಮೆರಿಕದ ಮಿದುಳು ಸಂಶೋಧಕಿ ನೋರಾ ವೋಲ್ಕೋವ್ ಮತ್ತು ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12ರಿಂದ 17 ತಿಂಗಳು ಮೆತ್ ಬಿಟ್ಟಿದ್ದ ಐವರಲ್ಲಿ ಡೋಪಮೈನ್ ಸಾಗಣೆ ಪ್ರೋಟೀನುಗಳು ಗಣನೀಯವಾಗಿ ಮರಳಿದ್ದವು. ನೆನಪು ಮತ್ತು ಅಂಗಚಲನೆಯ ಪರೀಕ್ಷೆಗಳಲ್ಲಿ ಮಾತ್ರ ಅಷ್ಟು ಸುಧಾರಣೆ ಕಾಣಲಿಲ್ಲ. ಮೂರು ತಿಂಗಳಿಗೇ ಹುಡುಗ ಮೊದಲಿನಂತಾಗಲಿಲ್ಲ ಎಂದು ಕೈಚೆಲ್ಲುವ ಮನೆಯವರು ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಬೇಕು. ನಡುವೆ ಒಮ್ಮೆ ಜಾರಿದರೆ ಅದುವರೆಗಿನ ಶ್ರಮವೆಲ್ಲ ನೀರುಪಾಲಾಯಿತು ಎಂದಲ್ಲ, ಮರುದಿನವೇ ವೈದ್ಯರ ಬಳಿಗೆ ಹೋಗಬೇಕು.

ಬಹಳ ಮನೆಗಳನ್ನು ಆಸ್ಪತ್ರೆಯಿಂದ ದೂರವಿಡುವುದು ಪೊಲೀಸ್ ಭಯ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದೇ. ಸೇವನೆಯೂ ಅಪರಾಧ. ಮೆಥಾಂಫೆಟಮೈನ್ 2 ಗ್ರಾಂ ವರೆಗೆ ಅಲ್ಪ ಪ್ರಮಾಣ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ. ಗೆಳೆಯ ಕೊಟ್ಟ ಪೊಟ್ಟಣವನ್ನು ‘ಸುಮ್ಮನೆ ಇಟ್ಟುಕೊಂಡಿದ್ದೆ’ ಎನ್ನುವುದು ರಕ್ಷಣೆಯಲ್ಲ. ತಮ್ಮ ಜಾಗದಲ್ಲಿ ಇದು ನಡೆಯುತ್ತಿದೆ ಎಂದು ಗೊತ್ತಿದ್ದೂ ಬಿಟ್ಟುಕೊಡುವ ಹೋಂಸ್ಟೇ, ಪಿಜಿ ಮಾಲೀಕರಿಗೂ ಸೆಕ್ಷನ್ 25 ಅನ್ವಯಿಸುತ್ತದೆ. ಅದೇ ಕಾಯ್ದೆಯ ಸೆಕ್ಷನ್ 64ಎ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ಪಡೆಯಲು ಅದರಲ್ಲಿ ಅವಕಾಶವಿದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಬಹುದು. ಈ ಬಾಗಿಲು ಇದೆ ಎಂಬುದು ಪ್ರತಿ ಮನೆಗೂ ತಿಳಿದಿರಬೇಕು.

ತಡೆಯುವ ವಿಚಾರಕ್ಕೆ ಬಂದರೆ, ಮಾದಕವಸ್ತು ವಿರೋಧಿ ದಿನವಾದ ಜೂನ್ 26ರಂದು ಪ್ರತಿ ವರ್ಷ ಊರಿನ ಮುಖ್ಯರಸ್ತೆಯಲ್ಲಿ ಜಾಥಾ ನಡೆಯುತ್ತದೆ, ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ, ಭಯಂಕರ ಚಿತ್ರಗಳ ಫಲಕಗಳನ್ನು ಹಿಡಿಯುತ್ತಾರೆ. ಮಾಡುವವರ ಕಳಕಳಿ ದೊಡ್ಡದು. ಆದರೆ ಹೆದರಿಸುವುದರಿಂದ ಎಷ್ಟು ಉಪಯೋಗ ಎಂಬುದು ಪರೀಕ್ಷೆಯಾಗಿದೆ. ಅಮೆರಿಕದ ಮೊಂಟಾನ ರಾಜ್ಯದಲ್ಲಿ 2005ರಿಂದ ಮೆತ್ ವಿರುದ್ಧ ಕೊಳೆತ ಹಲ್ಲು, ಹುಣ್ಣಾದ ಮುಖಗಳ ಜಾಹೀರಾತನ್ನು ಎಲ್ಲೆಲ್ಲೂ ಹಾಕಿದರು. ಅರ್ಥಶಾಸ್ತ್ರಜ್ಞ ಮಾರ್ಕ್ ಆಂಡರ್ಸನ್ 2010ರಲ್ಲಿ ಲೆಕ್ಕ ಹಾಕಿದಾಗ, ಮೊದಲೇ ಇಳಿಮುಖದಲ್ಲಿದ್ದ ಬಳಕೆಯ ಮೇಲೆ ಆ ಪ್ರಚಾರದ ಪರಿಣಾಮ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಫಲಕದಲ್ಲಿ ಕೊಳೆತ ಮುಖ ಕಂಡ ಹುಡುಗ, ಮೆತ್ ಸೇದಿದ ತನ್ನ ಗೆಳೆಯ ಗೆಲುವಾಗಿ, ಚೆಂದವಾಗಿ ಓಡಾಡುವುದನ್ನೂ ಕಾಣುತ್ತಾನೆ. ಆಮೇಲೆ ಫಲಕ ಹಿಡಿದವರ ಯಾವ ಮಾತನ್ನೂ ನಂಬುವುದಿಲ್ಲ. ಮೊದಲು ಚೆನ್ನಾಗಿಯೇ ಅನ್ನಿಸುತ್ತದೆ, ಅದೇ ಅದರ ಬಲೆ ಎಂದು ನಿಜ ಹೇಳುವ ಶಿಕ್ಷಕರ ಮಾತಿಗೆ ಹೆಚ್ಚು ಬೆಲೆ ಸಿಗುತ್ತದೆ.

ಫಲ ಕೊಟ್ಟ ಉದಾಹರಣೆಯೂ ಇದೆ. ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ 15-16 ವಯಸ್ಸಿನವರ ಪೈಕಿ ಶೇ 42ರಷ್ಟು ಮಕ್ಕಳು ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿಸಿಕೊಂಡಿದ್ದರು, 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ಅಲ್ಲಿ ಮಾಡಿದ್ದು: ತಂದೆತಾಯಿ ಮಕ್ಕಳೊಂದಿಗೆ ವಾರದ ದಿನಗಳಲ್ಲೂ ಹೊತ್ತು ಕಳೆಯುವಂತೆ ಪ್ರೋತ್ಸಾಹ, ಶಾಲೆ ಬಿಟ್ಟ ಮೇಲೆ ಆಟ, ಸಂಗೀತಕ್ಕೆ ಸರ್ಕಾರದಿಂದಲೇ ಹಣ, ಮಕ್ಕಳ ಗೆಳೆಯರ ತಂದೆತಾಯಿಯರ ಪರಿಚಯ, ರಾತ್ರಿ ಹೊರಗಿರುವುದಕ್ಕೆ ಮಿತಿ. ಅದು ಹೆಂಡ, ತಂಬಾಕು, ಗಾಂಜಾದ ಕಥೆ, ಮೆತ್‌ನದಲ್ಲ. ಆದರೂ ಹದಿನೈದರಲ್ಲಿ ಸಿಗರೇಟು, ಹೆಂಡ ಮುಟ್ಟದವನು ಇಪ್ಪತ್ತರಲ್ಲಿ ಮೆತ್ ಮುಟ್ಟುವ ಸಂಭವ ಕಡಿಮೆ. ನಮ್ಮ ಕಡೆ ಇದಕ್ಕೆ ಬೇಕಾದದ್ದೆಲ್ಲ ಇದೆ. ಕಬಡ್ಡಿ, ವಾಲಿಬಾಲ್ ತಂಡಗಳಿವೆ, ಯಕ್ಷಗಾನ ತರಗತಿಗಳಿವೆ, ನಾಟಕದ ತಂಡಗಳಿವೆ. ಪಿಯುಸಿ ಬಂದೊಡನೆ ‘ಇನ್ನು ಓದು’ ಎಂದು ಇವೆಲ್ಲವನ್ನೂ ಬಿಡಿಸಿ ಹುಡುಗನನ್ನು ಪಟ್ಟಣದ ಒಂಟಿ ಕೋಣೆಗೆ ಕಳಿಸುವುದು ನಾವೇ.

ಹಾಗಾಗಿ ನನ್ನ ಕೋರಿಕೆ ಹೆಚ್ಚಾಗಿ ಶಿವಮೊಗ್ಗ, ಭದ್ರಾವತಿ, ಸಾಗರದ ಕಾಲೇಜು ಮತ್ತು ಹಾಸ್ಟೆಲ್ ನಡೆಸುವವರಿಗೆ. ಸಿಕ್ಕಿಬಿದ್ದವನನ್ನು ಅದೇ ದಿನ ಹೊರಹಾಕಿ ಹೆಸರು ಉಳಿಸಿಕೊಳ್ಳುವುದು ಈಗಿನ ಪದ್ಧತಿ. ಮಾರುವವನ ವಿಷಯದಲ್ಲಿ ಪೊಲೀಸರಿಗೆ ತಿಳಿಸಲೇಬೇಕು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇರುವುದೇ ಅದಕ್ಕೆ, ಮಾದಕವಸ್ತು ಮಾಹಿತಿಗೆ 1933 ಸಂಖ್ಯೆಯೂ ಇದೆ. ಬಳಸುವವನ ಕಥೆ ಬೇರೆ. ಹೊರಬಿದ್ದವನು ಊರಿಗೆ ಮುಖ ತೋರಿಸಲಾಗದೆ ಗೆಳೆಯನ ಕೋಣೆ ಸೇರುತ್ತಾನೆ, ಮನೆಯವರಿಗೆ ವಿಷಯ ತಿಳಿಯುವುದು ಫೀಸಿನ ದಿನ. ಪ್ರವೇಶದ ನಿಯಮಾವಳಿಯಲ್ಲೇ ಒಂದು ಸಾಲು ಸೇರಿಸಿ: ತಾನಾಗಿ ಸಹಾಯ ಕೇಳಿ ಬಂದ ವಿದ್ಯಾರ್ಥಿಯನ್ನು ಹೊರಹಾಕುವುದಿಲ್ಲ, ಚಿಕಿತ್ಸೆಗೆ ಬೇಕಾದ ರಜೆಯ ಹಾಜರಾತಿಗೆ ದಾರಿ ಮಾಡಿಕೊಡಲಾಗುವುದು. ಅವನು ಯಾರ ಬಳಿ ಹೋಗಬೇಕು ಎಂಬುದಕ್ಕೆ ಒಬ್ಬ ಅಧ್ಯಾಪಕರ ಹೆಸರು, ಕೋಣೆ ಸಂಖ್ಯೆ ಬರೆಯಿರಿ. ವಾರ್ಡನ್‌ಗಳಿಗೆ ನಿದ್ದೆಯ ಆ ಸುತ್ತನ್ನು ಗಮನಿಸಲು ಕಲಿಸಿ. 14416 ಮತ್ತು 14446 ಎರಡನ್ನೂ ಪ್ರತಿ ಮಹಡಿಯ ಸ್ನಾನದ ಕೋಣೆಯ ಬಾಗಿಲ ಒಳಬದಿಗೆ ಅಂಟಿಸಿ, ಅಲ್ಲಾದರೆ ಯಾರೂ ನೋಡದಂತೆ ಬರೆದುಕೊಳ್ಳಬಹುದು.